ಬಾಟಲಿಯಲ್ಲಿ ಸೂಕ್ಷ್ಮಜೀವಿಗಳ ಪದರ ಬೆಳೆಸುವ ಬಗೆ

ಕೆರೆಯಂಚಿನ ಕಪ್ಪು ಕೆಸರು ಅರ್ಧ ಲೀಟರ್ ತನ್ನಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳ್ಳೆಯದೇ. ನೀರೂ ಅದೇ ಕೆರೆಯದ್ದಿರಲಿ, ನಲ್ಲಿ ನೀರಿನ ಕ್ಲೋರಿನ್ ಬೇಡ. ಕಲ್ಲು, ಕಡ್ಡಿ ಆರಿಸಿ ತೆಗೆಯಿರಿ. ಅರ್ಧ ಕೆಸರಿಗೆ ಒಂದು ಚಮಚ ಜಿಪ್ಸಮ್, ಪುಡಿ ಮಾಡಿದ ಮೊಟ್ಟೆಚಿಪ್ಪು, ಹರಿದ ನ್ಯೂಸ್‌ಪೇಪರ್ ಚೂರು ಒಂದು ಹಿಡಿ ಕಲಸಿ ಒಂದು ಲೀಟರಿನ ಪಾರದರ್ಶಕ ಬಾಟಲಿಯ ತಳಕ್ಕೆ ಹಾಕಿ. ಮೇಲೆ ಉಳಿದ ಕೆಸರು, ಆಮೇಲೆ 4 ಸೆಂ.ಮೀ. ನೀರು.

ಕಡ್ಡಿಯಿಂದ ಚುಚ್ಚಿ ಗುಳ್ಳೆ ಹೊರಡಿಸಿ: ತಳದಲ್ಲಿ ಆಮ್ಲಜನಕ ಉಳಿದರೆ ಆಮ್ಲಜನಕದ ಬದಲು ಜಿಪ್ಸಮ್ಮಿನಲ್ಲಿರುವ ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾ ಏಳುವುದಿಲ್ಲ. ಮುಚ್ಚಳ ಸಡಿಲವಿರಲಿ, ಅನಿಲ ತುಂಬಿದರೆ ಬಾಟಲಿ ಸಿಡಿದೀತು. ಕಿಟಕಿ ಬೆಳಕು ಸಾಕು. ನೆತ್ತಿ ಬಿಸಿಲಲ್ಲಿ ಎಲ್ಲ ಬೆಂದುಹೋಗುತ್ತದೆ.

ಆರೆಂಟು ವಾರಕ್ಕೆ ಮೇಲೆ ಸಯನೋಬ್ಯಾಕ್ಟೀರಿಯಾದ (ಗಿಡಗಳಂತೆ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ) ಹಸಿರು, ಕೆಳಗೆ ಗಂಧಕ ಬ್ಯಾಕ್ಟೀರಿಯಾದ ನೇರಳೆ ಕಲೆ, ತಳದಲ್ಲಿ ಕಬ್ಬಿಣದ ಸಲ್ಫೈಡಿನ ಕಪ್ಪು. ಒಂದು ಬದಿಗೆ ಕಪ್ಪು ಕಾಗದ ಸುತ್ತಿದ್ದರೆ, ಬೆಳಕಿಲ್ಲದ ಕಾರಣ ಅಲ್ಲಿ ನೇರಳೆ ಕಾಣುವುದು ಅಪರೂಪ.