ಅಂಬಾಸಿಡರ್ ಆಯಿಲ್ ಸೋರುತ್ತಿದೆಯೇ? ಎಂಜಿನ್ ಇಳಿಸುವ ಮುನ್ನ ಹೀಗೆ ನೋಡಿ

ಹಳೆ ಅಂಬಾಸಿಡರ್ ನಿಲ್ಲುವ ಜಾಗದಲ್ಲಿ ಒಂದು ಕಪ್ಪು ಕಲೆ ಇದ್ದೇ ಇರುತ್ತದೆ. ‘ಹಳೆ ಗಾಡಿ, ಸೋರುತ್ತೆ ಬಿಡಿ’ ಎಂದು ಕೆಲವರು ಸುಮ್ಮನಾಗುತ್ತಾರೆ. ಇನ್ನು ಕೆಲವರು ನೇರವಾಗಿ ಎಂಜಿನ್ ಇಳಿಸಿ ಸೀಲು, ಪ್ಯಾಕಿಂಗು ಎಲ್ಲ ಹೊಸದು ಹಾಕಿಸುತ್ತಾರೆ. ಎರಡು ತಿಂಗಳಲ್ಲಿ ಮತ್ತೆ ಅದೇ ಕಲೆ. ಸೋರಿಕೆ ಬೇರೆ, ಸವೆತ ಬೇರೆ ಎಂದುಕೊಳ್ಳುವುದರಿಂದ ಹೀಗಾಗುತ್ತದೆ. ಎಷ್ಟೋ ಸಲ ಒಳಗಿನ ಸವೆತವೇ ಎಣ್ಣೆಯನ್ನು ಹೊರಗೆ ನೂಕುತ್ತಿರುತ್ತದೆ.

ಇಲ್ಲಿ ಹೇಳುತ್ತಿರುವುದು 1489 ಸಿಸಿ ಪೆಟ್ರೋಲ್ ಎಂಜಿನ್ ಬಗ್ಗೆ. ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್ ಇದು.

ಮೊದಲ ಕೆಲಸ ತೊಳೆಯುವುದು. ವರ್ಷಗಳ ಜಿಡ್ಡು ಮೆತ್ತಿಕೊಂಡಿದ್ದರೆ ಯಾವ ಮೆಕ್ಯಾನಿಕ್‌ಗೂ ಏನೂ ಕಾಣುವುದಿಲ್ಲ. ಎಂಜಿನ್ ಪೂರ್ತಿ ತಣ್ಣಗಿರುವಾಗ ಡಿಸ್ಟ್ರಿಬ್ಯೂಟರ್, ಕಾರ್ಬುರೇಟರ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಬ್ರಷ್ ಅದ್ದಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ. ವಾಸನೆ ಹೋಗುವಷ್ಟು ಚೆನ್ನಾಗಿ ಆರಿದ ಮೇಲೆ ಜೋಡಣೆಗಳ ಸುತ್ತ ಟಾಲ್ಕಂ ಪೌಡರ್ ಉದುರಿಸಿ. ಇಪ್ಪತ್ತು ನಿಮಿಷ ಗಾಡಿ ಓಡಿಸಿ ಬಂದು, ಕೆಳಗೆ ರಟ್ಟು ಹಾಸಿ ನಿಲ್ಲಿಸಿ. ಗಾಡಿ ಕೆಳಗೆ ನುಗ್ಗುವುದಿದ್ದರೆ ಬರೀ ಜಾಕ್ ನಂಬಬೇಡಿ. ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಕಟ್ಟೆ ಕೊಡಿ.

ಈಗ ಟಾರ್ಚ್ ಹಿಡಿದು ನೋಡಿ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಫ್ಯಾನ್ ಗಾಳಿಗೆ ಹಿಂದಕ್ಕೆ ಹರಡುತ್ತದೆ. ಹಾಗಾಗಿ ತೊಟ್ಟಿಕ್ಕುವ ಜಾಗ ಸೋರುವ ಜಾಗ ಅಲ್ಲ. ಪೌಡರ್ ಒದ್ದೆಯಾದ ಕಡೆಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅದೇ ಮೂಲ.

ಮೇಲಿನ ರಾಕರ್ ಕವರ್‌ನ ಕಾರ್ಕ್ ಪ್ಯಾಕಿಂಗ್ ಸಾಮಾನ್ಯ ಅಪರಾಧಿ. ಅದನ್ನು ಬಿಗಿದಷ್ಟೂ ಕಾರ್ಕ್ ಒಡೆಯುತ್ತದೆ, ಹೊಸದು ಹಾಕಿ. ಮ್ಯಾನಿಫೋಲ್ಡ್ ಹಿಂದೆ ಬ್ಲಾಕ್‌ನ ಪಕ್ಕದಲ್ಲಿರುವ ತಗಡಿನ ಕವರ್‌ಗಳನ್ನು ತುಂಬಾ ಜನ ನೋಡುವುದೇ ಇಲ್ಲ. ಅಲ್ಲಿಂದ ಇಳಿದ ಎಣ್ಣೆಯನ್ನು ಚೇಂಬರ್ (ತಳದ ಎಣ್ಣೆ ತೊಟ್ಟಿ) ಪ್ಯಾಕಿಂಗ್ ಸೋರಿಕೆ ಎಂದು ತಪ್ಪು ತಿಳಿಯುತ್ತಾರೆ. ಮುಂದೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಪುಲ್ಲಿಯ ಹಿಂದಿನ ಸೀಲು, ಪಕ್ಕದ ಆಯಿಲ್ ಫಿಲ್ಟರ್, ಪ್ರೆಷರ್ ಪೈಪಿನ ತುದಿಗಳನ್ನೂ ಒಮ್ಮೆ ಬೆರಳಿಟ್ಟು ನೋಡಿ. ಸೈಲೆನ್ಸರ್ ಪೈಪ್ ಸುಡುತ್ತಿರುತ್ತದೆ, ಜೋಪಾನ.

ಹೆಚ್ಚು ತಲೆನೋವು ಕೊಡುವುದು ಹಿಂಭಾಗ. ಕ್ಲಚ್ ಹೌಸಿಂಗ್‌ನ ತಳದಲ್ಲಿ ಒಂದು ಸಣ್ಣ ತೂತು, ಅದರಲ್ಲಿ ನೇತಾಡುವ ಸ್ಪ್ಲಿಟ್ ಪಿನ್ ಇರುತ್ತದೆ. ತೂತು ಕಟ್ಟಿಕೊಳ್ಳದಿರಲಿ ಎಂದೇ ಆ ಪಿನ್ ಇಟ್ಟಿದ್ದಾರೆ. ಅಲ್ಲಿಂದ ಎಣ್ಣೆ ಬಿದ್ದರೆ ಕ್ರ್ಯಾಂಕ್‌ನ ಹಿಂದಿನ ತುದಿಯಿಂದ ಬರುತ್ತಿರಬಹುದು, ಇಲ್ಲವೇ ಗಿಯರ್ ಬಾಕ್ಸ್‌ನಿಂದ. ಗಿಯರ್ ಆಯಿಲ್ ಆದರೆ ಘಾಟು ವಾಸನೆಯಲ್ಲೇ ಗೊತ್ತಾಗುತ್ತದೆ. ಈ ಎಂಜಿನ್‌ನ ಹಿಂದಿನ ತುದಿಗೆ ಈಗಿನ ಕಾರುಗಳ ಹಾಗೆ ರಬ್ಬರ್ ಸೀಲ್ ಇಲ್ಲ. ಕ್ರ್ಯಾಂಕ್ ಮೇಲೆ ತಿರುಪಿನಂಥ ಗೆರೆ ಕೊರೆದಿದ್ದಾರೆ. ಅದು ತಿರುಗುತ್ತಾ ಎಣ್ಣೆಯನ್ನು ಒಳಕ್ಕೆ ದೂಡುತ್ತದೆ. ಎಂಜಿನ್ ನಿಂತರೆ ದೂಡುವುದೂ ನಿಲ್ಲುತ್ತದೆ. ಹಾಗಾಗಿ ನಿಲ್ಲಿಸಿದ ಮೇಲೆ ನಾಲ್ಕು ಹನಿ ಬಿದ್ದರೆ ಗಾಬರಿ ಬೇಡ. ಓಡುವಾಗಲೇ ಸುರಿದರೆ, ಕ್ಲಚ್ ಜಾರತೊಡಗಿದರೆ ಮಾತ್ರ ಯೋಚನೆ ಮಾಡಿ.

ಒಳಗಿನ ಒತ್ತಡ ಜಾಸ್ತಿಯಾದರೆ ಈ ತಿರುಪು ಸೋಲುತ್ತದೆ. ಆದ್ದರಿಂದ ಹಿಂಭಾಗಕ್ಕೆ ಕೈ ಹಾಕುವ ಮೊದಲು ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಬಿಚ್ಚಿ, ಊದಿ ನೋಡಿ. ಕಟ್ಟಿದ್ದರೆ ತೊಳೆದು ಹಾಕಿ. ಇಷ್ಟರಿಂದಲೇ ಸೋರಿಕೆ ಕಡಿಮೆಯಾದ ಗಾಡಿಗಳು ಬೇಕಾದಷ್ಟಿವೆ. ಬಳಿಕ ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ತೆಳು ಆವಿ ಬಂದರೆ ಪರವಾಗಿಲ್ಲ. ಬುಸುಬುಸು ಎಂದು ಹೊಗೆ ನುಗ್ಗಿದರೆ ಪಿಸ್ಟನ್ ರಿಂಗ್ ದಾಟಿ ಗ್ಯಾಸ್ ಕೆಳಗಿಳಿಯುತ್ತಿದೆ ಎಂದರ್ಥ.

ಖಚಿತ ಮಾಡಿಕೊಳ್ಳಲು ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್‌ನ ಒತ್ತಡ ಅಳೆಯುವ ಪರೀಕ್ಷೆ ಬೇಕೇ ಬೇಕು. ಬಿಸಿ ಎಂಜಿನ್‌ನ ನಾಲ್ಕೂ ಪ್ಲಗ್ ಬಿಚ್ಚಿ, ಇಗ್ನಿಷನ್ ಕಾಯಿಲ್ ವೈರ್ ತೆಗೆದಿಡಿ. ಬ್ಯಾಟರಿ ಫುಲ್ ಚಾರ್ಜ್ ಇರಲಿ. ಒಬ್ಬರು ಆಕ್ಸಿಲರೇಟರ್ ಪೂರ್ತಿ ತುಳಿದು ಸ್ಟಾರ್ಟರ್ ತಿರುಗಿಸಲಿ, ಇನ್ನೊಬ್ಬರು ಒಂದೊಂದೇ ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್ ಹಿಡಿಯಲಿ. ನಾಲ್ಕೂ ರೀಡಿಂಗ್ ಬರೆದುಕೊಳ್ಳಿ. ಇಲ್ಲಿ ಅಂಕಿಗಿಂತ ವ್ಯತ್ಯಾಸ ಮುಖ್ಯ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ 15ಕ್ಕೂ ಕಡಿಮೆ ತೋರಿಸಿದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಟೆಸ್ಟ್ ಮಾಡಿ. ರೀಡಿಂಗ್ ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರ್‌ನ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ಅನುಮಾನ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ (ಬ್ಲಾಕ್ ಮತ್ತು ಹೆಡ್ ನಡುವಿನ ಪ್ಯಾಕಿಂಗ್) ಹೋಗಿರುವ ಸಾಧ್ಯತೆ ಹೆಚ್ಚು.

ಹೊಗೆಯೂ ಸುಳಿವು ಕೊಡುತ್ತದೆ. ಚಾರ್ಮಾಡಿಯಂಥ ಘಾಟಿಯನ್ನು ಗಿಯರ್‌ನಲ್ಲೇ ಇಳಿದು, ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ಹಿಂದೆ ನೀಲಿ ಹೊಗೆ ಭುಸ್ಸೆಂದರೆ ವಾಲ್ವ್ ಗೈಡ್ ಸವೆದಿದೆ. ಏರು ಹತ್ತುವಾಗ ಬಿಡದೆ ನೀಲಿ ಹೊಗೆ ಬಂದರೆ ರಿಂಗ್. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಮತ್ತೆ ಹೆಡ್ ಗ್ಯಾಸ್ಕೆಟ್ ನೋಡಿ.

ಇನ್ನು ಸದ್ದು. ಮೇಲಿನ ಟಿಕ್ ಟಿಕ್ ಸಾಮಾನ್ಯವಾಗಿ ಟ್ಯಾಪೆಟ್ ಸೆಟ್ಟಿಂಗ್, ಮುಂದಿನ ಗಲಗಲ ಟೈಮಿಂಗ್ ಚೈನ್. ಇವಕ್ಕೆ ಸ್ವಲ್ಪ ಸಮಯವಿದೆ. ತಳದಿಂದ ದಪ್ಪಗೆ ಧಡ್ ಧಡ್ ಎಂದರೆ ಬೇರಿಂಗ್. ಎಂಜಿನ್ ನಿಲ್ಲಿಸಿ ಒಂದು ಪ್ಲಗ್‌ನ ವೈರ್ ತೆಗೆದು ಎಂಜಿನ್ ಲೋಹಕ್ಕೆ ತಾಗಿಸಿ ಅರ್ಥ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ. ಹೀಗೆ ಒಂದೊಂದಾಗಿ ನೋಡುವಾಗ ಯಾವ ಸಿಲಿಂಡರ್‌ಗೆ ಸದ್ದು ತಗ್ಗುತ್ತದೋ ಅದರ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ರಾಡ್ ಕ್ರ್ಯಾಂಕ್‌ಗೆ ಸೇರುವ ಕಡೆಯದು) ಮೇಲೆ ಅನುಮಾನಪಡಿ. ಜೊತೆಗೆ ಆಯಿಲ್ ಪ್ರೆಷರ್ ಗೇಜ್ ಹಾಕಿಸಿ. ಬಿಸಿ ಎಂಜಿನ್ ರಸ್ತೆಯಲ್ಲಿ ಓಡುವಾಗ 50 ಪಿಎಸ್‌ಐ ಆಸುಪಾಸು, ಐಡಲ್‌ನಲ್ಲಿ 15ರ ಸುತ್ತ ಇದ್ದರೆ ನೆಮ್ಮದಿ. ಧಡ್ ಧಡ್ ಸದ್ದಿನ ಜೊತೆ ಪ್ರೆಷರ್ ಕೂಡ ಬಿದ್ದಿದ್ದರೆ ಗಾಡಿ ಓಡಿಸಲೇಬೇಡಿ. ಓಡಿಸಿದರೆ ಬೇರಿಂಗ್ ಖರ್ಚಿಗೆ ಕ್ರ್ಯಾಂಕ್ ಖರ್ಚೂ ಸೇರಿಬಿಡುತ್ತದೆ.

ಗ್ಯಾರೇಜಿಗೆ ಹೋಗುವಾಗ ಈ ರೀಡಿಂಗ್‌ಗಳ ಚೀಟಿ ಜೊತೆಗಿರಲಿ. ಮೆಕ್ಯಾನಿಕ್ ಬೋರ್ ಮಾಡಿಸಬೇಕು, ಅಂದರೆ ಸಿಲಿಂಡರ್ ಕೊರೆಸಿ ಹಿಗ್ಗಿಸಬೇಕು ಎಂದರೆ, ಹೆಡ್ ಬಿಚ್ಚಿದ ಮೇಲೆ ಪ್ರತಿ ಬೋರ್‌ನ ಅಳತೆಯನ್ನು ನಿಮ್ಮ ಎದುರೇ ತೆಗೆಯಲು ಹೇಳಿ. ಅಳತೆ ಸರಿಯಿದ್ದರೆ ರಿಂಗ್ ಸೆಟ್‌ನಲ್ಲೇ ಕೆಲಸ ಮುಗಿಯಬಹುದು.