ಡೊಂಕು ಬಾಣಕ್ಕೆ ಮದ್ದು

ಮಂಗಳೂರಿನ ಹಂಪನಕಟ್ಟೆಯ ನನ್ನ ಡಿಟಿಪಿ ಅಂಗಡಿಗೆ ಸೆಮಿನಾರ್ ಸಮಯದಲ್ಲಿ ಬರುವ ಸ್ಲೈಡ್‌ಗಳಲ್ಲಿ ಬಾಣಗಳೇ ಜಾಸ್ತಿ ಡೊಂಕು. ಲ್ಯಾಪ್‌ಟಾಪ್‌ನಲ್ಲಿ ಗೊತ್ತಾಗುವುದಿಲ್ಲ. ಪ್ರೊಜೆಕ್ಟರ್‌ಗೆ ಹಾಕಿದರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಕಣ್ಣಳತೆಯಲ್ಲಿ ಸುಮ್ನೆ ಎಳೆದಾಡಬೇಡಿ ಮಾರಾಯ್ರೇ. ಪವರ್‌ಪಾಯಿಂಟ್‌ನಲ್ಲಿ ಹೊಸ ಗೆರೆ ಎಳೆಯುವಾಗ ಶಿಫ್ಟ್ ಒತ್ತಿ ಹಿಡಿಯಿರಿ, ನೇರ ಬರುತ್ತದೆ. ಈಗಾಗಲೇ ಎಳೆದ ಅಡ್ಡ ಗೆರೆಯಾದರೆ ಅದನ್ನು ಆರಿಸಿ, ಶೇಪ್ ಫಾರ್ಮ್ಯಾಟ್‌ಗೆ ಹೋಗಿ ಹೈಟ್ ನೋಡಿ. 0.05 ಸೆಂ.ಮೀ. ಅಂತ ಏನೋ ಇರುತ್ತದೆ. ಅದೇ ಡೊಂಕು! 0 ಹಾಕಿ ಎಂಟರ್ ಒತ್ತಿ. ನಿಂತ ಗೆರೆಗೆ ವಿಡ್ತ್ 0.

ಬಾಕ್ಸ್‌ಗಳಿಗೆ ಅಂಟಿಸಿದ ಬಾಣದ ಕತೆ ಬೇರೆ. ಮೊನ್ನೆ ಒಬ್ಬಳು ಹುಡುಗಿ ಮಲ್ಪೆ ಮೀನಿನ ಚಾರ್ಟ್ ತಂದಿದ್ದಳು: ಬೋಟು, ಏಲಂ, ಐಸ್, ಲಾರಿ. ಬಾಣದ ತುದಿಯಲ್ಲಿ ಹಸಿರು ಚುಕ್ಕೆ ಇತ್ತು, ಅಂದರೆ ಸರಿಯಾಗಿಯೇ ಅಂಟಿದೆ. ಆದರೂ ಓರೆ. ಯಾಕೆಂದರೆ ‘ಏಲಂ’ ಬಾಕ್ಸೇ ಕೂದಲೆಳೆಯಷ್ಟು ಕೆಳಗಿತ್ತು. ಇಂಥಲ್ಲಿ ಬಾಣವನ್ನು ಮುಟ್ಟಲೇಬೇಡಿ. ಶಿಫ್ಟ್ ಒತ್ತಿಕೊಂಡು ಬಾಕ್ಸ್‌ಗಳನ್ನು ಮಾತ್ರ ಆರಿಸಿ, ಅರೇಂಜ್‌ನಲ್ಲಿ ಅಲೈನ್, ಅದರೊಳಗೆ ಅಲೈನ್ ಮಿಡಲ್. ಬಾಣಗಳು ತಾವಾಗಿಯೇ ನೆಟ್ಟಗಾಗುತ್ತವೆ. ಒಂದರ ಕೆಳಗೊಂದು ಇರುವ ಬಾಕ್ಸ್‌ಗಳಿಗೆ ಅಲೈನ್ ಸೆಂಟರ್. ಮೊಣಕೈ ಬಾಣದ, ಅಂದರೆ ಮಡಚಿ ತಿರುಗುವ ಎಲ್ಬೋ ಕನೆಕ್ಟರ್‌ನ ನಡುವೆ ಸಣ್ಣ ಗಂಟು ಕಂಡರೂ ಹೆಚ್ಚಾಗಿ ಇದೇ ಕಾರಣ.

ತುದಿಯ ಚುಕ್ಕೆ ಬಿಳಿ ಇದ್ದರೆ ಅದು ಅಂಟಿಲ್ಲ. ಬಾಕ್ಸ್‌ನ ಅಂಚಿನ ಚುಕ್ಕೆವರೆಗೆ ಎಳೆದು ಬಿಡಿ. ಕೂದಲಷ್ಟು ಸರಿಸಬೇಕಾದರೆ ಕಂಟ್ರೋಲ್ ಜೊತೆ ಆರೋ ಕೀ ಸಾಕು, ಮೌಸ್ ಬೇಡ.