ನಮ್ಮ ವಿಭಾಗದಲ್ಲಿ ಲೆಕ್ಚರರ್‌ಗಳು ಉಳಿದದ್ದು ಹೇಗೆ

ಮಂಗಳೂರಿನಲ್ಲಿ ಒಳ್ಳೆಯ ಲೆಕ್ಚರರ್‌ಗಳನ್ನು ಉಳಿಸಿಕೊಳ್ಳುವುದು ಸುಲಭ ಅಲ್ಲ. ಕೊಣಾಜೆ, ದೇರಳಕಟ್ಟೆ, ಮುಕ್ಕ, ಎಲ್ಲಿ ನೋಡಿದರೂ ಕಾಲೇಜು. ಅದೂ ಬೇಡ ಅಂದರೆ ಬೆಂಗಳೂರು, ಗಲ್ಫ್. ನಾನು ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಕಾಮರ್ಸ್ ವಿಭಾಗದ ಮುಖ್ಯಸ್ಥ, ಅಂದರೆ ಎಚ್‌ಒಡಿ. ಸಂಬಳ ನನ್ನ ಕೈಯಲ್ಲಿಲ್ಲ. ಟೈಮ್‌ಟೇಬಲ್ ಇದೆ. ಅಲ್ಲಿಂದಲೇ ಶುರು ಮಾಡಿದೆ.

ಯುಜಿಸಿಯ 2018ರ ನಿಯಮದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್‌ಗೆ ವಾರಕ್ಕೆ 16 ಗಂಟೆ ಪಾಠ. ನಮ್ಮಲ್ಲಿ ಅದಕ್ಕಿಂತ ಜಾಸ್ತಿ ಇತ್ತು, ಮೇಲಿಂದ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಕೊಡಬೇಕಾದ ಫೈಲುಗಳು. ಒಂದೇ ಪೇಪರಿನ ಎಲ್ಲ ಸೆಕ್ಷನ್‌ಗಳನ್ನು ಒಬ್ಬರಿಗೇ ಕೊಟ್ಟೆ. ಗಂಟೆ ಅಷ್ಟೇ ಇದ್ದರೂ ತಯಾರಿ ಅರ್ಧಕ್ಕರ್ಧ ಇಳಿಯಿತು. ಪಿಎಚ್‌ಡಿ ಮಾಡುವವರಿಗೆ ಶುಕ್ರವಾರ ಕ್ಲಾಸು ಹಾಕುವುದಿಲ್ಲ. ಮೀಟಿಂಗಿಗೂ ಕರೆಯುವುದಿಲ್ಲ. ಮಂಗಳೂರು ವಿಶ್ವವಿದ್ಯಾಲಯ ಇರುವ ಮಂಗಳಗಂಗೋತ್ರಿಯಲ್ಲಿ ಗೈಡನ್ನು ನೋಡಿ ಬರಲು ಒಂದು ಪೂರ್ತಿ ದಿನ ಬೇಕೇ ಬೇಕು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗಿನಲ್ಲಿ ಪಿಎಚ್‌ಡಿ ಆದ ಅಧ್ಯಾಪಕರಿಗೂ ಅವರ ಅನುಭವಕ್ಕೂ ಅಂಕ ಇದೆ ಅಂತ ತೋರಿಸಿದ ಮೇಲೆ ಮ್ಯಾನೇಜ್‌ಮೆಂಟೂ ಒಪ್ಪಿತು.

ರಜೆಯದ್ದು ದೊಡ್ಡ ವಿಷಯ. ನಮ್ಮ ಊರಲ್ಲಿ ಕುಟುಂಬದ ಮನೆಯ ನೇಮಕ್ಕೆ, ಅಂದರೆ ದೈವಾರಾಧನೆಗೆ, ಹೋಗದಿದ್ದರೆ ಆಗುವುದಿಲ್ಲ. ಅದೇ ದಿನ ಇಂಟರ್ನಲ್ಸ್ ಬಿದ್ದರೆ ಮನಸ್ಸು ಕೆಡುತ್ತದೆ. ಹಾಗಾಗಿ ಪ್ರತಿ ಸೆಮಿಸ್ಟರ್ ಶುರುವಿಗೆ ಎಲ್ಲರನ್ನೂ ಕೇಳುತ್ತೇನೆ. "ಸರ್, ಫೆಬ್ರವರಿಯಲ್ಲಿ ನಮ್ಮಲ್ಲಿ ನೇಮ ಉಂಟು, ಡೇಟ್ ಇನ್ನೂ ಫಿಕ್ಸ್ ಆಗಲಿಲ್ಲ" ಅನ್ನುತ್ತಾರೆ. "ಪರವಾಗಿಲ್ಲ, ಯಾವ ವಾರ ಹೇಳಿ ಮೇಡಂ" ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಕ್ರೈಸ್ತರ ತೆನೆ ಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ರಂಜಾನ್, ಊರ ಜಾತ್ರೆ ಎಲ್ಲ ಸೇರಿಸಿ ಆಮೇಲೆ ಇನ್ವಿಜಿಲೇಷನ್ ಹಂಚುತ್ತೇವೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ದುಡ್ಡಿನ ವಿಷಯವನ್ನು ಮುಚ್ಚಿಡಬಾರದು ಅಂತ ನನಗೆ ಗಟ್ಟಿ ನಂಬಿಕೆ. ಶಿಕ್ಷಕರಿಗೂ ಗ್ರ್ಯಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಸಿಗುವ ಇಡಿಗಂಟು, ಇದೆ ಅಂತ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಗ್ರ್ಯಾಚ್ಯುಟಿ ಕಾಯ್ದೆಯ 2009ರ ತಿದ್ದುಪಡಿ ಅವರನ್ನೂ ಒಳಗೆ ತಂದಿತು, ಅದೂ 1997ರ ಏಪ್ರಿಲ್ 3ರಿಂದಲೇ ಅನ್ವಯ ಆಗುವ ಹಾಗೆ. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು, 2022ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಕಾಯಂ ಇದ್ದವರು ಐದು ವರ್ಷ ಮುಗಿಸಿರಬೇಕು. ನಾಲ್ಕು ವರ್ಷ ದಾಟಿದ ಒಬ್ಬರು ತಿಂಗಳಿಗೆ ಸ್ವಲ್ಪ ಜಾಸ್ತಿ ಕೊಡುತ್ತಾರೆ ಅಂತ ಬೇರೆ ಕಡೆ ಹೊರಟಿದ್ದರು. ಕೂರಿಸಿ ಲೆಕ್ಕ ತೋರಿಸಿದೆ: ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ 40,000 ಅಂತಿಟ್ಟುಕೊಳ್ಳಿ, 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 23,000 ಚಿಲ್ಲರೆ. ಆರು ವರ್ಷಕ್ಕೆ 1,38,000 ದಾಟುತ್ತದೆ. "ಇದನ್ನು ಯಾರೂ ಹೇಳಿಯೇ ಇರಲಿಲ್ಲ ಸರ್" ಅಂದರು. ಉಳಿದರು.

ಕೆಲವು ಕಡೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು ಜನರನ್ನು ಹಿಡಿದಿಡುತ್ತಾರೆ. ಅದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಹೆದರಿಕೊಂಡು ಉಳಿದವರು ಮಕ್ಕಳ ಮುಂದೆ ಮನಸ್ಸಿಟ್ಟು ಹೇಗೆ ನಿಲ್ಲುತ್ತಾರೆ? ನಮ್ಮ ವಿಭಾಗದಲ್ಲಿ ಒರಿಜಿನಲ್ ನೋಡಿ ಅಲ್ಲೇ ವಾಪಸ್ ಕೊಡುತ್ತೇವೆ. ಸರ್ಕಾರಿ ಕಾಲೇಜಿಗೆ ಆಯ್ಕೆಯಾದವರಿಗೆ ರಿಲೀವಿಂಗ್ ಆರ್ಡರ್‌ಗಾಗಿ ಅಲೆದಾಟ ಇಲ್ಲ. ಹಾಗೆ ಹೋದ ಒಬ್ಬರು ತಮ್ಮ ಜೂನಿಯರ್ ಕೈಯಲ್ಲಿ ನಮ್ಮಲ್ಲಿಗೇ ಅರ್ಜಿ ಹಾಕಿಸಿದರು. ಈಗ ಕಾಸ್ಟ್ ಅಕೌಂಟಿಂಗ್ ಪಾಠ ಆ ಜೂನಿಯರ್ ಅವರದ್ದೇ.